ಜಿಗಿ, ನೆಗೆ, ಹಾರು ಸರಿ. ಮರ ತೂಗಿ ದಾಟುವುದಕ್ಕೆ ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಬರೆಯುತ್ತಿದ್ದೇನೆ. ಹೈಸ್ಕೂಲು ಮಕ್ಕಳಿಗಾಗಿ ಮರದ ಮೇಲೆ ಬಾಳುವ ಮಂಗಗಳ ಬಗ್ಗೆ ಒಂದು ಸಣ್ಣ ಲೇಖನ ಒಪ್ಪಿಕೊಂಡೆ. ಮೈಗಾತ್ರಕ್ಕೂ ಮರದಿಂದ ಮರಕ್ಕೆ ಹೋಗುವ ರೀತಿಗೂ ಏನು ನಂಟು ಅನ್ನುವುದು ವಿಷಯ. ವಿಷಯ ಹೇಗೋ ಹಿಡಿತಕ್ಕೆ ಬಂತು, ಕ್ರಿಯಾಪದಗಳೇ ಕೈಕೊಟ್ಟವು.

ನಮ್ಮ ಕಡೆ ಮಂಗ 'ಹಾರುತ್ತದೆ'. ಹಕ್ಕಿಯೂ ಹಾರುತ್ತದೆ, ಈಜು ಬರುವ ಹುಡುಗರು ಕೆರೆಗೂ ಹಾರುತ್ತಾರೆ. ಮಾತಿನಲ್ಲಿ ಯಾರಿಗೂ ತೊಂದರೆಯಿಲ್ಲ. ಆದರೆ ಅದೇ ಪುಟದಲ್ಲಿ ತೇಲಿಕೊಂಡು ಹೋಗುವ ಹಾರುಬೆಕ್ಕೂ (ಹಾರುವ ಅಳಿಲು) ಬಂದರೆ ಗೊಂದಲ ಅಲ್ವಾ? ಅದಕ್ಕೇ 'ಜಿಗಿ' ಇಟ್ಟುಕೊಂಡೆ. 'ನೆಗೆ' ನನ್ನ ಕಿವಿಗೆ ಮೇಲಕ್ಕೆ ಹೋಗುವಂತೆ ಕೇಳುತ್ತದೆ, 'ಜಿಗಿ' ಆಚೆಗೆ. 'ಲಂಘನ' ಹನುಮಂತನಿಗೇ ಇರಲಿ.

ಆಫ್ರಿಕಾದ ಪುಟ್ಟ ಗಲಾಗೊಗೆ (ಮಂಗಗಳ ದೂರದ ನೆಂಟ) ಈ 'ನೆಗೆ' ಸರಿಯಾಗಿ ಹೊಂದುತ್ತದೆ. ಕಾಲು ಕೆಜಿಯೂ ತೂಗದ ಪ್ರಾಣಿ, ಕೂತಲ್ಲಿಂದ 2 ಮೀಟರಿಗೂ ಜಾಸ್ತಿ ಎತ್ತರ ನೆಗೆಯುತ್ತದೆ. ಅದಕ್ಕೆ 2 ಮೀಟರಿನ ಸಂದು ಅಂದರೆ ಮೈಯುದ್ದದ ಹತ್ತು ಪಟ್ಟು, ದಾಟಬೇಕಾದರೆ ಜಿಗಿಯಲೇಬೇಕು. ಒರಾಂಗುಟಾನಿಗೆ ಆ ಕಷ್ಟವಿಲ್ಲ, ಕೈ ಚಾಚಿದರೆ ಎಷ್ಟೋ ಸಂದು ಮುಗಿದೇ ಹೋಯಿತು. ಇನ್ನೊಂದು ಕಡೆ, ದೊಡ್ಡ ಗಂಡು 75 ಕೆಜಿಗೂ ಜಾಸ್ತಿ ತೂಗುತ್ತದೆ. ಜಿಗಿಯಲು ಒದ್ದರೆ ಕೊಂಬೆಯೇ ಬಗ್ಗಿ ಅರ್ಧ ಬಲ ನುಂಗುತ್ತದೆ, ಬಿದ್ದರಂತೂ ಮೂಳೆ ಪುಡಿ. ಹಾಗಾಗಿ ಅದು ತೆಳ್ಳನೆಯ ಮರ ಹತ್ತಿ, ಮೈತೂಕದಿಂದಲೇ ಅದನ್ನು ಹಿಂದೆ ಮುಂದೆ ತೂಗಿ, ಪಕ್ಕದ ಮರ ಕೈಗೆ ಸಿಕ್ಕಾಗ ಹಿಡಿದುಕೊಳ್ಳುತ್ತದೆ.

ಇದನ್ನು ಓದುವಾಗ ನನಗೆ ನಮ್ಮ ತೋಟದ ಕೊನೆಗೌಡರೇ (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು) ಕಣ್ಣಮುಂದೆ ಬಂದರು. ಒಂದು ಅಡಿಕೆ ಮರದ ಕೊನೆ ಇಳಿಸಿದ ಮೇಲೆ ಅವರು ಕೆಳಗಿಳಿಯುವುದಿಲ್ಲ. ತುದಿಯಲ್ಲೇ ಕೂತು ಮರ ತೂಗುತ್ತಾರೆ. ಪಕ್ಕದ್ದು ಹತ್ತಿರ ಬಂದಾಗ ಒಂದು ಕೈ ಹಾಕಿ, ಕಾಲು ಸುತ್ತಿ, ಆಮೇಲೇ ಹಳೇ ಮರ ಬಿಡುವುದು. ಬಿಟ್ಟ ಮರ ಸುಯ್ಯೆಂದು ಹಿಂದಕ್ಕೆ ಹೋಗಿ ಎಷ್ಟೋ ಹೊತ್ತು ಅಲ್ಲಾಡುತ್ತಿರುತ್ತದೆ. ಇದಕ್ಕೆ ಏನಂತೀರಿ ಎಂದು ಕೇಳಿದೆ.

"ಮರ ದಾಟೂದು, ಮತ್ತೆಂತ?"

ಜಿಗಿಯುವುದು ಅನ್ನಬಹುದಾ ಅಂದೆ. "ಜಿಗಿದ್ರೆ ಸೀದಾ ಕೆಳಗೇ" ಅಂತ ನಕ್ಕರು.

'ದಾಟು' ಚೆಂದದ ಪದವೇ. ಆದರೆ ಹೊಳೆಯನ್ನೂ ದಾಟುತ್ತೇವೆ, ರಸ್ತೆಯನ್ನೂ. ಮೇಲಾಗಿ ನಮ್ಮ ಪಶ್ಚಿಮಘಟ್ಟದ ಕಾಡುಪಾಪವೂ ದಾಟುವುದೇ. ತೂಕದಲ್ಲಿ ಹೆಚ್ಚುಕಮ್ಮಿ ಗಲಾಗೊದಷ್ಟೇ, ಆದರೆ ಜಿಗಿಯುವ ಜಾತಿಯೇ ಅಲ್ಲ. ಮೆಲ್ಲಗೆ ಮೈ ಚಾಚಿ, ಮುಂದಿನ ರೆಂಬೆ ಗಟ್ಟಿ ಹಿಡಿದ ಮೇಲೆ ಹಿಂದಿನದು ಬಿಡುತ್ತದೆ. ಅತ್ತ ಹತ್ತು ಕೆಜಿ ಮೀರಿದ ಮುಸ್ಯ (ಕಪ್ಪು ಮೋರೆಯ, ಉದ್ದ ಬಾಲದ ಮಂಗ) ನಮ್ಮ ಹಂಚಿನ ಮಾಡಿನಿಂದ ಹಲಸಿನ ಮರಕ್ಕೆ ಧಡಾರನೆ ಜಿಗಿಯುತ್ತದೆ (ಹಂಚಿನ ಲೆಕ್ಕ ಬೇರೆ). ಅಂದರೆ ಗಾತ್ರವೊಂದೇ ಎಲ್ಲ ಹೇಳುವುದಿಲ್ಲ, ಕ್ರಿಯಾಪದ ಇನ್ನೂ ನಿಖರವಾಗಬೇಕು.

ಸದ್ಯಕ್ಕೆ ಕಾಡುಪಾಪಕ್ಕೆ 'ಚಾಚಿ ದಾಟು', ಒರಾಂಗುಟಾನಿಗೆ 'ತೂಗಿ ದಾಟು' ಅಂತ ಬರೆದಿದ್ದೇನೆ. 'ತೂಗುದಾಟು' ಅಂತ ಸೇರಿಸಿದರೆ ಮಕ್ಕಳು ತೂಗುಸೇತುವೆ ಅಂದುಕೊಂಡಾರು. ಸಿದ್ದಾಪುರ, ಯಲ್ಲಾಪುರ, ಹೊನ್ನಾವರದ ಕಡೆ ಕೊನೆ ಕೊಯ್ಯುವವರ ಬಾಯಲ್ಲಿ ಇದಕ್ಕೆ ಒಂದೇ ಪದ ಇದೆಯಾ? ಇದ್ದರೆ ಯಾವ ಊರಿನದು ಅಂತಲೂ ತಿಳಿಸಿ.