ಅಜ್ಜಿಯ ಬೆಂಡೋಲೆಗೆ ಕಿವಿತೂತು ದೊಡ್ಡದು ಮಾಡಬೇಕು, ಹೇಗೆ?

ಗಂಗಾವತಿ ಹುಡುಗಿ:
ಅಜ್ಜಿಯ ಹಳೇ ಬೆಂಡೋಲೆ ನನ್ನ ಪಾಲಿಗೆ ಬಂದಿದೆ. ಹಿಂದಿನ ಕಡ್ಡಿ ದಪ್ಪ. ಪತ್ತಾರರು ಅಳೆದು 2.4 ಮಿಲಿಮೀಟರ್ ಅಂದರು. ನಾನು ಈಗ ಹಾಕಿರುವ ರಿಂಗಿನ ತಂತಿ 0.8. ಬೇವಿನ ಕಡ್ಡಿ ಒಂದೊಂದೇ ಸೇರಿಸ್ತಾ ಹೋಗು, ತಾನೇ ಅಗಲ ಆಗುತ್ತೆ ಅಂತಾರೆ ದೊಡ್ಡಮ್ಮ. ಆನ್‌ಲೈನಲ್ಲಿ ಅಕ್ರಿಲಿಕ್ ಚೂಪು ಕಡ್ಡಿಗಳ ಸೆಟ್ ಕೂಡ ಸಿಗುತ್ತೆ. ಇನ್ನೆರಡು ತಿಂಗಳಿಗೆ ಅಕ್ಕನ ಮದುವೆ. ಅಷ್ಟರಲ್ಲಿ ಆಗುತ್ತಾ?

ರಾಯಚೂರು ಮಂದಿ:
ಪತ್ತಾರರಿಗೆ ಹೇಳಿ ತೆಳು ಕಡ್ಡಿ ಕೂರಿಸಿ ತಂಗಿ. ಕಿವಿಗೆ ಯಾಕೆ ಸುಮ್ನೆ ಹಿಂಸೆ?

ತೋರಣಗಲ್ಲು ನೈಟ್ ಶಿಫ್ಟ್:
ಎರಡು ತಿಂಗಳಲ್ಲಿ ಆಗಲ್ಲ, ತಂಗಿ. ನನ್ನ ಕಿವಿತೂತು ಈಗ 8 ಮಿಲಿಮೀಟರ್ ಇದೆ, ಡ್ಯೂಟಿಗೆ ಹೋಗುವಾಗ ತೆಗೆದಿಡುತ್ತೇನೆ. ಹಾಗಾಗಿ ನೋಡಿದ್ದನ್ನೇ ಹೇಳ್ತೀನಿ.

ಕಡ್ಡಿಯ ದಪ್ಪಕ್ಕೆ ಗೇಜ್ ಅಂತ ನಂಬರ್ ಇರುತ್ತೆ. ಅದರ ಲೆಕ್ಕ ಉಲ್ಟಾ, ನಂಬರ್ ಇಳಿದಷ್ಟೂ ದಪ್ಪ. ನಿಮ್ಮದು 20, ಅಜ್ಜಿಯದು 10. ನಡುವೆ 18, 16, 14, 12 ಇವೆ. ಅಂದರೆ 1, 1.2, 1.6, 2 ಮಿಲಿಮೀಟರ್. ಒಂದನ್ನೂ ಹಾರಿಸಬೇಡಿ. ಒಂದೊಂದಕ್ಕೂ ಕನಿಷ್ಠ ಒಂದು ತಿಂಗಳು ಬಿಡಿ, ಎರಡು ಬಿಟ್ಟರೆ ಇನ್ನೂ ಒಳ್ಳೆಯದು. ಕ್ಯಾಲೆಂಡರ್‌ಗಿಂತ ಕಿವಿಯನ್ನೇ ನೋಡಿ. ಕನ್ನಡಿ ಮುಂದೆ ನಿಂತು, ಹಾಕಿಕೊಂಡಿದ್ದನ್ನು ಮೆಲ್ಲಗೆ ಕೆಳಕ್ಕೆ ಒತ್ತಿ. ಮೇಲೆ ಸಂದು ಕಂಡರೆ ಮುಂದಿನ ಸೈಜಿಗೆ ಹೋಗಬಹುದು. ಬಿಗಿಯಾಗಿದ್ದರೆ ಕಾಯಿರಿ.

ಬಿಸಿನೀರಿನ ಸ್ನಾನ ಆದಮೇಲೆ ಚರ್ಮ ಮೆತ್ತಗಿರುತ್ತೆ, ಆಗ ಹಾಕಿ. ಕೈ ಸೋಪಲ್ಲಿ ತೊಳೆದುಕೊಳ್ಳಿ, ಮೆಡಿಕಲ್‌ನಲ್ಲಿ ಸಿಗುವ ನೀರಿನಂಶದ ಜೆಲ್ ಸ್ವಲ್ಪ ಹಚ್ಚಿ. ಚೂಪು ಕಡ್ಡಿ ದಾರಿ ಮಾಡೋಕೆ ಮಾತ್ರ, ಅದನ್ನೇ ಕಿವಿಯಲ್ಲಿ ಬಿಡೋದಲ್ಲ. ಹಿಂದೆಯೇ ಅದೇ ಸೈಜಿನ ಗಾಜಿನದ್ದೋ ಟೈಟಾನಿಯಂದ್ದೋ ಹಾಕಬೇಕು. ಅಕ್ರಿಲಿಕ್ ಬೇಡ, ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರದ ಬಿಸಿಯನ್ನು ಅದು ತಡೆಯಲ್ಲ. ದೊಡ್ಡಮ್ಮ ಬೈಕೋಬಹುದು, ಆದರೆ ಬೇವಿನ ಕಡ್ಡಿಯೂ ಬೇಡ. ಸಿಬಿರು ಒಳಗೆ ಉಳಿಯುತ್ತೆ, ಒದ್ದೆಯಾದರೆ ಉಬ್ಬುತ್ತೆ.

ಉರಿ ಬಂದರೆ ನಿಲ್ಲಿಸಿ, ರಕ್ತ ಬಂದರೆ ಹಳೇ ಸೈಜಿಗೇ ವಾಪಸ್. ಜೋರು ಮಾಡಿ ತಳ್ಳಿದರೆ ತೂತಿನ ಒಳಚರ್ಮ ಹಿಂಬದಿಗೆ ತುಟಿ ಹೊರಳಿದ ಹಾಗೆ ಉಬ್ಬಿ ಬರುತ್ತೆ. ಬ್ಲೋಔಟ್ ಅಂತಾರೆ. ನಮ್ಮ ಕಡೆ ಏಪ್ರಿಲ್-ಮೇ ಬೆವರಿಗೆ ಈ ಕೆಲಸ ಶುರು ಮಾಡದಿದ್ದರೇ ವಾಸಿ.

ಗಂಗಾವತಿ ಹುಡುಗಿ:
ಅಣ್ಣಾ, ಮಧ್ಯೆ ಕೀವು ಬಂದರೆ? ತೊಳೆಯೋದು ಯಾವುದರಲ್ಲಿ?

ತೋರಣಗಲ್ಲು ನೈಟ್ ಶಿಫ್ಟ್:
0.9 ಪರ್ಸೆಂಟ್ ನಾರ್ಮಲ್ ಸಲೈನ್ ಸಾಕು. ಸ್ಪಿರಿಟ್, ಅರಿಶಿನ ಮುಟ್ಟಿಸಬೇಡಿ. ಕೀವು, ಬಿಸಿ, ಜಾಸ್ತಿ ಕೆಂಪು ಕಂಡರೆ ಡಾಕ್ಟರ ಹತ್ತಿರ ಹೋಗಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಗಾಯದ ಮೇಲೆ ಗಂಟು ಬೆಳೆಯುತ್ತಾ? ಹಾಗಿದ್ದರೆ ಮೊದಲೇ ಚರ್ಮದ ಡಾಕ್ಟರನ್ನು ಕೇಳಿ, ಅದು ಕೆಲಾಯ್ಡ್ ಆಗಿರಬಹುದು.

ರಾಯಚೂರು ಮಂದಿ:
ಅದಕ್ಕೇ ಅಂದಿದ್ದು, ತೆಳು ಕಡ್ಡಿ!

ತೋರಣಗಲ್ಲು ನೈಟ್ ಶಿಫ್ಟ್:
ಮದುವೆಗೆ ಅದೇ ಸರಿ, ಒಪ್ಪಿದೆ. ಆದರೆ ಹಳೇ ಕಡ್ಡಿ ಪತ್ತಾರರ ಹತ್ತಿರ ಬಿಡಬೇಡಿ, ಮನೆಗೆ ತಂದಿಡಿ. ಇನ್ನೊಂದು, ತೆಳು ಕಡ್ಡಿಯಲ್ಲಿ ಭಾರದ ಓಲೆ ತೂಗಿದರೆ ಕಿವಿ ಸೀಳುತ್ತೆ. ಅವತ್ತು ಕೂದಲಿಗೆ ಸಿಕ್ಕಿಸುವ ಸರಪಳಿ ಹಾಕಿ, ರಾತ್ರಿ ಬಿಚ್ಚಿಡಿ.