ರೀಲ್ಸ್‌ನಲ್ಲಿ ಚೆನ್ನಾಗಿ ಹಾಡೋರು ವೇದಿಕೆ ಮೇಲೂ ಹಾಡ್ತಾರಾ? ಮುಂಗಡ ಕೊಡೋ ಮೊದಲು ತಿಳಿಯೋದು ಹೇಗೆ?

ತುಂಗಾತೀರ

ತೀರ್ಥಹಳ್ಳಿ ಕಡೆಯ ಗಣಪತಿ ಸಮಿತಿ ನಮ್ಮದು. ಐದನೇ ದಿನ ರಾತ್ರಿ ರಸಮಂಜರಿ ಇಟ್ಕೊಂಡಿದ್ದೇವೆ. ಹುಡುಗರು ಕೊಟ್ಟ ಹೆಸರೆಲ್ಲ ಇನ್‌ಸ್ಟಾಗ್ರಾಮ್‌ನವು. ಫಾಲೋವರ್ಸ್ ಜಾಸ್ತಿ, ವಿಡಿಯೊ ಚೆಂದ, ಡ್ರೆಸ್ ಚೆಂದ. ಹಿರಿಯರದ್ದು ಒಂದೇ ಮಾತು: "ಕಂಠ ಇದೆಯಾ ಅಂತ ನೋಡಿ." ವಿಡಿಯೊ ನೋಡಿ ಅದನ್ನ ಹೇಳೋಕೆ ನಮ್ಮಲ್ಲಿ ಯಾರಿಗೂ ಬರಲ್ಲ. ಧ್ವನಿ ತಿದ್ದಿದ್ದಾರಾ ಅಂತ ಗುರುತಿಸೋದು ಹೇಗೆ? ಒಂದು ಸಲ ಕರೆಸಿ ಹಾಡಿಸೋದಾದ್ರೆ ಏನು ಹಾಡಿಸಬೇಕು? ಇನ್ನೊಂದು, ನೋಡೋಕೆ ಚೆನ್ನಾಗಿರೋದು, ಕುಣಿಯೋದು ಇವಕ್ಕೆ ಬೆಲೆ ಕೊಡೋದೇ ತಪ್ಪಾ? ಸಮಿತಿಯಲ್ಲಿ ಇದರ ಮೇಲೇ ಜಗಳ ನಿಂತಿದೆ. ತಿಳಿದವರು ದಯವಿಟ್ಟು ಹೇಳಿ.

ಫೇಡರ್

ವಿಡಿಯೊ ನೋಡಿ ನೂರಕ್ಕೆ ನೂರು ಹೇಳೋಕಾಗಲ್ಲ, ಸುಳಿವು ಸಿಗುತ್ತೆ. ಫೋನಿನ ಸ್ಪೀಕರ್ ಬೇಡ. ಇಯರ್‌ಫೋನ್ ಹಾಕ್ಕೊಳ್ಳಿ, ಸ್ಕ್ರೀನ್ ಕೆಳಮುಖ ಮಾಡಿಟ್ಟು ಬರೀ ಕೇಳಿ.

ಮೊದಲು ಉಸಿರು. ಎರಡು ಸಾಲಿನ ನಡುವೆ ಉಸಿರು ಎಳ್ಕೊಳ್ಳೋ ಸದ್ದು ಕೇಳಬೇಕು. ಒಂದು ಸಾಲಿನ ಕೊನೇ ಅಕ್ಷರ ಇನ್ನೂ ಎಳೀತಿರುವಾಗಲೇ ಮುಂದಿನ ಸಾಲು ಶುರುವಾಯ್ತು ಅಂದ್ರೆ ಬೇರೆ ಬೇರೆ ಟೇಕ್ ಜೋಡಿಸಿದ್ದಾರೆ ಅಂತಲೇ ಅರ್ಥ. ಆಮೇಲೆ ಜಾಗ ನೋಡಿ. ಮಳೆ ಹನೀತಿರೋ ಅಡಿಕೆ ತೋಟದಲ್ಲಿ ನಿಂತು ಹಾಡ್ತಿದ್ದಾರೆ, ಒಂದು ಜೀರುಂಡೆ ಸದ್ದಿಲ್ಲ, ಧ್ವನಿಗೆ ದೊಡ್ಡ ಸಭಾಂಗಣದ ಗುಂಗು (ಮಾರ್ದನಿ) ಇದೆ ಅಂದ್ರೆ ಅದು ಸ್ಟುಡಿಯೊದಲ್ಲಿ ಹಾಡಿದ್ದು. ಹಾಗೆ ಮಾಡೋದು ಅಪರಾಧವೇನಲ್ಲ. ಅದನ್ನ ನಂಬಿ ವೇದಿಕೆಗೆ ಬುಕ್ ಮಾಡಬೇಡಿ ಅಷ್ಟೆ.

ಇನ್ನು ಆಟೋಟ್ಯೂನ್, ಅಂದ್ರೆ ಹಾಡಿದ ಸ್ವರ ತಿದ್ದೋ ಸಾಫ್ಟ್‌ವೇರ್. 1997ರಲ್ಲಿ ಅಂಟಾರೆಸ್ ಕಂಪನಿ ತಂದಿದ್ದು. ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ತೈಲ ನಿಕ್ಷೇಪ ಹುಡುಕೋ ಕಂಪನಿಗಳಿಗೆ ಭೂಮಿಯೊಳಗಿನ ಅಲೆಗಳ ಲೆಕ್ಕ ಮಾಡ್ತಿದ್ದವರು. ಇದರ ಕೆಲಸ ಸರಳ. ಕೀಬೋರ್ಡಿನ ಒಂದು ಮನೆಯಿಂದ ಪಕ್ಕದ ಮನೆಗೆ (ಕಪ್ಪು, ಬಿಳಿ ಎರಡೂ ಸೇರಿಸಿ ಎಣಿಸಿದ್ರೆ) 100 ಸೆಂಟ್ ಅಂತರ, ಸೆಂಟ್ ಅಂದ್ರೆ ಸ್ವರದ ಅಂತರ ಅಳೆಯೋ ಮಾನ. ಹಾಡಿದ್ದು 30 ಸೆಂಟ್ ಕೆಳಗಿದ್ರೆ ಅದನ್ನ ಎಳೆದು ಸರಿಯಾದ ಮನೇಲಿ ಕೂರಿಸುತ್ತೆ. ಎಷ್ಟು ಬೇಗ ಎಳೀಬೇಕು ಅನ್ನೋದಕ್ಕೆ ರೀಟ್ಯೂನ್ ಸ್ಪೀಡ್ ಅಂತ ಒಂದು ಗುಂಡಿ ಇದೆ. ಅದನ್ನ ಸೊನ್ನೆಗೆ ಇಟ್ರೆ ಯಂತ್ರ ಮಾತಾಡಿದ ಹಾಗೆ ಕೇಳುತ್ತೆ. 1998ರಲ್ಲಿ ಅಮೆರಿಕದ ಗಾಯಕಿ ಷೇರ್ ಬೇಕಂತಲೇ ಹಾಗೆ ಬಳಸಿದ್ರು. 20ರಿಂದ 50ರ ಮಧ್ಯೆ ಇಟ್ರೆ ಸಾಮಾನ್ಯ ಕಿವಿಗೆ ಗೊತ್ತೇ ಆಗಲ್ಲ.

ಆದ್ರೆ ನಮ್ಮ ಹಾಡುಗಳಲ್ಲಿ ಅದು ಸಿಕ್ಕಿಬೀಳೋ ಜಾಗ ಒಂದಿದೆ, ಗಮಕ, ಅಂದ್ರೆ ಸ್ವರವನ್ನ ಅಲುಗಿಸಿ, ಜಾರಿಸಿ ಹಾಡೋದು. ಭಾವಗೀತೆಯಲ್ಲಿ ಗಾಂಧಾರದಿಂದ (ಗ) ಮಧ್ಯಮಕ್ಕೆ (ಮ) ಜಾರೋ ಕಡೆ ಗಮನ ಇಟ್ಟು ಕೇಳಿ. ಬಾಯಲ್ಲಿ ಹಾಡಿದ ಜಾರು ನಡುವೆ ಎಲ್ಲೂ ತುಂಡಾಗಲ್ಲ. ಬೇಗ ಎಳೆಯೋ ಹಾಗೆ ಇಟ್ಟ ಸಾಫ್ಟ್‌ವೇರ್ ಹಾದು ಬಂದದ್ದು ಮೆಟ್ಟಿಲು ಹತ್ತಿದ ಹಾಗೆ ಎರಡು ತುಂಡಾಗಬಹುದು, ಆ ಸಂದಿಯಲ್ಲಿ ಧ್ವನಿ ಒಂದು ಕ್ಷಣ ಪಟ್ ಅಂತ ಮುರಿಯಬಹುದು. ಉದ್ದಕ್ಕೆ ಎಳೆದ ಸ್ವರ ಸ್ವಲ್ಪವೂ ಅಲುಗದೆ ಗೆರೆ ಕೊರೆದಂತೆ ನಿಂತಿದ್ರೂ ಅನುಮಾನ ಪಡಿ.

ಇದನ್ನ ಲೈವ್ ಮೈಕಿಗೂ ಹಾಕ್ತಾರೆ, ಕಾಲಬುಡದಲ್ಲಿ ಒಂದು ಪೆಡಲ್ ಇಟ್ರೆ ಸಾಕು. ಹಾಗಾಗಿ "ಲೈವ್ ವಿಡಿಯೊ ಕಳಿಸಿ" ಅಂದ್ರೆ ಕೆಲಸ ಮುಗೀಲಿಲ್ಲ. ಕರೆಸಿ, ಎದುರಿಗೆ ಕೂರಿಸಿ, ಮೈಕ್ ಇಲ್ಲದೆ ಹಾಡಿಸಿ.

ಶ್ರುತಿಪೆಟ್ಟಿಗೆ

ಕರೆಸಿದಾಗ ಏನು ಹಾಡಿಸೋದು ಅನ್ನೋದಕ್ಕೆ ಹೇಳ್ತೀನಿ. ಅರ್ಧ ಗಂಟೆ ಸಾಕು. ಫೋನಲ್ಲಿ ತಂಬೂರಿ ಆ್ಯಪ್, ಒಂದು ಕೀಬೋರ್ಡ್, ಬಾಗಿಲು ಹಾಕಿದ ಕೋಣೆ ಇಷ್ಟಿದ್ರೆ ಆಯ್ತು. ದೇವಸ್ಥಾನದ ಸಭಾಭವನ ಬೇಡ, ಅಲ್ಲಿ ಗುಂಗು ಜಾಸ್ತಿ, ಎಲ್ಲರ ಕಂಠವೂ ಚೆನ್ನಾಗೇ ಕೇಳುತ್ತೆ.

ಬಂದ ತಕ್ಷಣ ಹಾಡಿಸಬೇಡಿ. ಆಗುಂಬೆ ಘಾಟಿ ಹತ್ತಿ ಬಂದವರಿಗೆ ಹತ್ತು ನಿಮಿಷ ಬಿಡಿ, ಬಿಸಿನೀರು ಕೊಡಿ. ಅವರ ಶ್ರುತಿ ಯಾವುದು, ಅಂದ್ರೆ ಕೀಬೋರ್ಡಿನ ಯಾವ ಮನೆಯನ್ನ 'ಸ' ಮಾಡ್ಕೊಂಡು ಹಾಡ್ತಾರೆ ಅಂತ ಅವರನ್ನೇ ಕೇಳಿ. ಹೆಣ್ಣುಮಕ್ಕಳು ಸಾಮಾನ್ಯವಾಗಿ ಕಪ್ಪು ನಾಲ್ಕು (ನಾಲ್ಕನೇ ಕಪ್ಪು ಮನೆ), ಕಪ್ಪು ಐದರ ಆಸುಪಾಸು ಹೇಳ್ತಾರೆ, ಗಂಡಸರು ಕಪ್ಪು ಒಂದು, ಕಪ್ಪು ಎರಡು. ಶ್ರುತಿ ಅಂದ್ರೆ ಏನು ಅಂತ ವಾಪಸ್ ಕೇಳಿದ್ರೆ ಅಲ್ಲಿಗೇ ತಳ್ಳಿಹಾಕಬೇಡಿ. ಕೇಳಿ ಕೇಳಿ ಕಲಿತು ಅದ್ಭುತವಾಗಿ ಹಾಡೋರು ಇದ್ದಾರೆ.

ತಂಬೂರಿ ಹಾಕಿ ಷಡ್ಜ (ಸ) ಹಿಡಿಸಿ, ಹತ್ತು ಸೆಕೆಂಡು. ಆಮೇಲೆ ಪಂಚಮ (ಪ), ಆಮೇಲೆ ಮೇಲಿನ ಷಡ್ಜ. ಶುರುವಲ್ಲಿ ಸ್ವಲ್ಪ ಹುಡುಕಾಡಿ ಕೂತ್ರೆ ಪರವಾಗಿಲ್ಲ. ಕೊನೆಕೊನೆಗೆ ಇಳೀತಾ ಹೋದ್ರೆ ಉಸಿರು ಸಾಲ್ತಾ ಇಲ್ಲ ಅಂತ.

ಮುಂದಿನದು ಮುಖ್ಯ. ತಂಬೂರಿ ಬಂದ್ ಮಾಡಿ, ಒಂದು ಪಲ್ಲವಿ, ಒಂದು ಚರಣ ಹಾಗೇ ಹಾಡಿಸಿ. ಮುಗಿದ ಕೂಡಲೇ ಅದೇ ಶ್ರುತಿಗೆ ತಂಬೂರಿ ಹಾಕಿ. ಶುರು ಮಾಡಿದಲ್ಲೇ ನಿಂತಿದ್ರೆ, ಇಲ್ಲಾ ಕೂದಲೆಳೆ ಜರುಗಿದ್ರೆ, ಅದು ಒಳ್ಳೇ ಕಿವಿ. ಕೀಬೋರ್ಡಿನ ಒಂದು ಮನೆ ಪೂರ್ತಿ ಜರುಗಿದ್ರೆ ವಾದ್ಯದವರ ಜೊತೆ ಕಷ್ಟ ಆಗುತ್ತೆ.

ಕೊನೆಗೆ ಅವರಿಗೆ ಚೆನ್ನಾಗಿ ಬರೋ ಹಾಡನ್ನೇ ಕೀಬೋರ್ಡಿನ ಟ್ರಾನ್ಸ್‌ಪೋಸ್‌ನಲ್ಲಿ ಎರಡು ಮನೆ ಇಳಿಸಿ ಹಾಡಿಸಿ. ಒಂದೇ ಕರೋಕೆ ಟ್ರ್ಯಾಕ್‌ಗೆ ನೂರು ಸಲ ಹಾಡಿ ಗಟ್ಟಿ ಮಾಡಿದವರು ಇಲ್ಲಿ ತಡವರಿಸ್ತಾರೆ, ಯಾಕಂದ್ರೆ ಅವರು ಟ್ರ್ಯಾಕ್ ಕಲಿತಿರ್ತಾರೆ, ಹಾಡು ಕಲಿತಿರಲ್ಲ. ಎರಡನೇ ಸಾಲಿಗೆ ಸುಧಾರಿಸಿಕೊಂಡ್ರೆ ಧೈರ್ಯವಾಗಿ ತಗೊಳ್ಳಿ. ವೇದಿಕೆ ಮೇಲೆ ಬೇಕಾಗೋದು ಆ ಸುಧಾರಿಸಿಕೊಳ್ಳೋ ಶಕ್ತಿಯೇ.

ಕುಣಿದು ಹಾಡ್ತೀವಿ ಅನ್ನೋರಿಗೆ ಇನ್ನೊಂದು. ಒಂದು ನಿಮಿಷ ನಿಂತಲ್ಲೇ ಜಾಗಿಂಗ್ ಮಾಡಿಸಿ, ನಿಲ್ಲಿಸದೇನೇ ಚರಣ ಎತ್ತೋಕೆ ಹೇಳಿ. ಸಾಲಿನ ಮಧ್ಯೆ ಪದ ಮುರಿದು ಉಸಿರು ತಗೊಂಡ್ರೆ ಆ ಕುಣಿತದ ಜೊತೆ ಆ ಹಾಡು ಲೈವ್ ಆಗಲ್ಲ. ಒಂದೋ ಹೆಜ್ಜೆ ಕಮ್ಮಿ ಮಾಡ್ಬೇಕು, ಇಲ್ಲಾ ಮೊದಲೇ ಹಾಡಿಟ್ಟ ಟ್ರ್ಯಾಕ್ ಹಾಕ್ಬೇಕು.

ಹಳೇಕ್ಯಾಸೆಟ್

ಚೆಂದಕ್ಕೆ ಬೆಲೆ ಕೊಡೋದು ತಪ್ಪಾ ಅಂತ ಕೇಳಿದ್ರಲ್ಲ, ಅದಕ್ಕೆ ನನ್ನ ಅಭಿಪ್ರಾಯ: ಮುಖ ಬೇರೆ, ಕಂಠ ಬೇರೆ ಆಗೋದು ತಪ್ಪಲ್ಲ ಮಾರಾಯ್ರೆ. ಅದನ್ನ ಮುಚ್ಚಿಡೋದು ತಪ್ಪು.

ಮಿಲಿ ವನಿಲಿ ಅನ್ನೋ ಪಾಪ್ ಜೋಡಿಯನ್ನೇ ತಗೊಳ್ಳಿ. ನಿರ್ಮಾಪಕ ಫ್ರಾಂಕ್ ಫಾರಿಯನ್ ಹಾಡಿಸಿದ್ದು ಬೇರೆಯವರ ಹತ್ರ, ಮುಂದೆ ನಿಲ್ಲಿಸಿದ್ದು ಕುಣಿಯೋಕೆ ಬರೋ ಇಬ್ಬರು ಚೆಂದದ ಹುಡುಗರನ್ನ. 1989ರಲ್ಲಿ ಅಮೆರಿಕದ ಒಂದು ಕಾರ್ಯಕ್ರಮದಲ್ಲಿ ಟ್ರ್ಯಾಕ್ ಸಿಕ್ಕಿಹಾಕ್ಕೊಂಡು ಒಂದೇ ತುಂಡು ಮತ್ತೆ ಮತ್ತೆ ಬಂತು. 1990ರ ಫೆಬ್ರವರಿಯಲ್ಲಿ ಗ್ರ್ಯಾಮಿ ಬಂತು, ನವೆಂಬರ್‌ನಲ್ಲಿ ನಿರ್ಮಾಪಕರೇ ಸತ್ಯ ಒಪ್ಪಿಕೊಂಡ್ರು, ಗ್ರ್ಯಾಮಿ ವಾಪಸ್ ಹೋಯ್ತು. ಅದೇ ಕಾಲದಲ್ಲಿ ಮಾರ್ಥಾ ವಾಶ್ ಅನ್ನೋ ದೊಡ್ಡ ಕಂಠದ ಗಾಯಕಿ ಹಾಡಿದ್ದಕ್ಕೆ ವಿಡಿಯೊದಲ್ಲಿ ತೆಳ್ಳಗಿನ ಇನ್ನೊಬ್ಬರು ತುಟಿ ಆಡಿಸಿದ್ರು. ಆಕೆ ತನ್ನ ಕಂಠದ ಹಕ್ಕಿಗೋಸ್ಕರ ಕೋರ್ಟಿಗೆ ಹೋಗಬೇಕಾಯ್ತು. 1981ರಲ್ಲಿ ಹಾಡಿನ ವಿಡಿಯೊ ತೋರಿಸೋ ಎಂಟಿವಿ ಚಾನೆಲ್ ಶುರುವಾದ ಮೇಲೆ ಪಾಪ್ ಹಾಡನ್ನ ಕಣ್ಣಲ್ಲೇ ಅಳೆಯೋ ಒತ್ತಡ ಎಷ್ಟಿತ್ತು ಅಂತ ಇದರಿಂದಲೇ ತಿಳಿಯುತ್ತೆ.

ನಮ್ಮಲ್ಲಿ ನೋಡಿ. ವರ್ಷಗಟ್ಟಲೆ ರಾಜ್‌ಕುಮಾರ್ ಮುಖಕ್ಕೆ ಪಿ.ಬಿ. ಶ್ರೀನಿವಾಸ್ ಕಂಠ. ಯಾರಿಗೂ ಮೋಸ ಅನ್ನಿಸಲಿಲ್ಲ, ಯಾಕಂದ್ರೆ ಹಾಡಿದ್ದು ಯಾರು ಅಂತ ಗ್ರಾಮಫೋನ್ ತಟ್ಟೆಯ ಮೇಲೇ ಬರೆದಿರ್ತಿತ್ತು. ನಮ್ಮದೇ ಜಿಲ್ಲೆಯ ನಗರ ಅನ್ನೋ ಊರಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣ ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡ ಗಾಯಕ. ಅವರಿಗೆ ವಕೀಲಿಕೆಯೂ ಇತ್ತು. ಜನ ಅವರನ್ನ ಗುರುತಿಸಿದ್ದು ಆ ತುಂಬು ಕಂಠದಿಂದ. ಅಂಥ ಕಂಠ ಇರೋ ಮಕ್ಕಳು ಈಗಲೂ ಹೊಸನಗರ, ಸಾಗರದ ಭಜನಾ ಮಂಡಳಿಗಳಲ್ಲಿ ಇದ್ದಾರೆ, ಇನ್‌ಸ್ಟಾಗ್ರಾಮ್ ಖಾತೆ ಇಲ್ಲ ಅಷ್ಟೆ. ಸಮಿತಿಯವರು ಒಂದು ಸಂಜೆ ಅಲ್ಲಿಗೂ ಹೋಗಿ ಕೇಳಿಸಿಕೊಳ್ಳಬೇಕು ಅಂತ ಮನಸಾರೆ ಕೇಳ್ಕೋತೀನಿ.

ಕುಣಿದು ರಂಜಿಸೋದೂ ಕಸುಬೇ. ಅದಕ್ಕೆ ಅದರದ್ದೇ ಸಂಭಾವನೆ ಕೊಡಿ, ಹಾಡುಗಾರಿಕೆ ಅಂತ ಹೆಸರಿಟ್ಟು ಕೊಡಬೇಡಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಶ್ರುತಿಪೆಟ್ಟಿಗೆ ಮೇಡಂ ಹೇಳಿದ ಹಾಗೇ ಮಾಡ್ತೀವಿ. ಒಂದು ಅನುಮಾನ ಉಳೀತು. ಕೋಣೆಯಲ್ಲಿ ಚೆನ್ನಾಗಿ ಹಾಡಿದವರೂ ವೇದಿಕೆ ಮೇಲೆ ಬೇಸುರ ಆಗ್ತಾರಲ್ಲ, ಅದು ಯಾಕೆ? ಟ್ರ್ಯಾಕ್ ವಿಷಯ ಕರಾರಿನಲ್ಲಿ ಹೇಗೆ ಬರೆಯೋದು?

ಫೇಡರ್

ಮುಕ್ಕಾಲು ಪಾಲು ತಪ್ಪು ಮಾನಿಟರ್‌ದು, ಅಂದ್ರೆ ಹಾಡೋರಿಗೆ ತಮ್ಮ ಧ್ವನಿ ಕೇಳಿಸೋಕೆ ವೇದಿಕೆ ಮೇಲೆ ಇಡೋ ಸ್ಪೀಕರ್‌ದು. ಗಾಯಕಿಯ ಕಾಲಬುಡದ ಸ್ಪೀಕರ್‌ನಲ್ಲಿ ತನ್ನ ಧ್ವನಿ ಕೇಳದೇ ಇದ್ರೆ ಕಿರುಚ್ತಾರೆ, ಕಿರುಚಿದಾಗ ಶ್ರುತಿ ಏರುತ್ತೆ. ಮಾನಿಟರ್ ಇಲ್ಲದೆ ಹಾಡಿಸಿ ಆಮೇಲೆ ಕಂಠ ಸರಿ ಇಲ್ಲ ಅನ್ನೋದು ಅನ್ಯಾಯ. ಮಾನಿಟರ್‌ಗೆ ಅವರ ಧ್ವನಿ ಮತ್ತೆ ಕೀಬೋರ್ಡ್ ಎರಡೇ ಕೊಡಿ. ಡ್ರಮ್ಸ್ ಹೇಗೂ ಕೇಳುತ್ತೆ.

ಇನ್ನೊಂದು, ಎದುರಿನ ಗೋಡೆ. ಶಾಲಾ ಮೈದಾನದಲ್ಲಿ ಕಟ್ಟಡ 30 ಮೀಟರ್ ದೂರ ಇದ್ರೆ ಸದ್ದು ಬಡಿದು ವಾಪಸ್ ಬರೋಕೆ ಸುಮಾರು 175 ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 120 ಬೀಟ್ ಇರೋ ಹಾಡಲ್ಲಿ ಅದು ಬೀಟಿನ ಮೂರನೇ ಒಂದು ಭಾಗ. ಮಾನಿಟರ್ ಮೆತ್ತಗಿದ್ರೆ ಗಾಯಕರು ಆ ವಾಪಸ್ ಬಂದ ಸದ್ದಿಗೆ ತಾಳ ಹಾಕ್ತಾರೆ, ಲಯ ಎಳೆಯುತ್ತೆ. ವೇದಿಕೆ ದಿಕ್ಕು ಬದಲಿಸೋಕೆ ಆದ್ರೆ ಬದಲಿಸಿ.

ಮೈಕಿನ ಜಾಲರಿಯನ್ನ ಮುಷ್ಟಿಯಲ್ಲಿ ಮುಚ್ಚಿ ಹಿಡಿಯೋದು ಫೋಟೊಗೆ ಚೆಂದ. ಆದ್ರೆ ಮೈಕ್ ಆಗ ಸುತ್ತಲಿನ ಸದ್ದನ್ನೆಲ್ಲ ಎಳ್ಕೊಂಡು ಕುಂಯ್ ಅನ್ನುತ್ತೆ, ಧ್ವನಿ ಮುಚ್ಚಿಹೋದ ಹಾಗೆ ಕೇಳುತ್ತೆ. ಹಿಡಿಕೆ ಮಾತ್ರ ಹಿಡೀಲಿ. ಕೆಳಸ್ಥಾಯಿಗೆ ಎರಡು ಬೆರಳಿನ ದೂರ, ಮೇಲಿನ ಸ್ವರ ಎತ್ತುವಾಗ ಒಂದು ಗೇಣು. ಭಾದ್ರಪದದ ಥಂಡಿಗೆ ಮೈಕಿನೊಳಗಿನ ಸ್ಪಂಜು ಒದ್ದೆಯಾದ್ರೂ ಧ್ವನಿ ಮಂಕಾಗುತ್ತೆ, ಒಣ ಮೈಕ್ ಒಂದು ಪಕ್ಕದಲ್ಲಿರಲಿ.

ಕರಾರಿಗೆ ಹೀಗೆ ಬರೆಯಿರಿ: ಇಷ್ಟು ಹಾಡು ವಾದ್ಯವೃಂದದ ಜೊತೆ, ಇಷ್ಟು ಮೈನಸ್ ಟ್ರ್ಯಾಕ್‌ಗೆ, ಪ್ಲಸ್ ಟ್ರ್ಯಾಕ್ ಇದ್ರೆ ಯಾವ ಯಾವ ಹಾಡಿಗೆ ಅಂತ ಹೆಸರು ಹಾಕಿ. ಮೈನಸ್‌ನಲ್ಲಿ ಹಾಡಿದವರ ಧ್ವನಿ ಇರಲ್ಲ, ಪ್ಲಸ್‌ನಲ್ಲಿ ಇರುತ್ತೆ, ಎಡವಟ್ಟು ಆಗೋದೇ ಇಲ್ಲಿ. ಪೆನ್‌ಡ್ರೈವ್ ಹಿಂದಿನ ದಿನವೇ ಸೌಂಡ್‌ನವರ ಕೈ ಸೇರಬೇಕು, ಅವರು ಒಂದೊಂದೇ ಹಾಕಿ ಕೇಳಿ ನೋಡಲಿ. ಸೌಂಡ್ ಚೆಕ್ ಸಂಜೆ ನಾಲ್ಕಕ್ಕೇ ಇಟ್ಕೊಳ್ಳಿ. ಪೊಲೀಸರ ಅನುಮತಿಯಲ್ಲಿ ರಾತ್ರಿ ಹತ್ತರ ಗಡುವು ಇದ್ರೆ, ಮಂಗಳಾರತಿ, ಭಾಷಣ, ಸನ್ಮಾನ ಎಲ್ಲ ಮುಗಿದ ಮೇಲೆ ಹಾಡಿಗೆ ಉಳಿಯೋದು ಒಂದೂವರೆ ಗಂಟೆ. ಅದರಲ್ಲಿ ಮೈಕ್ ಸರಿ ಮಾಡ್ತಾ ಕೂರೋಕಾಗಲ್ಲ.