ನಾಯಿಯ ಎಕೋ ವರದಿ: 'ರಕ್ತದ ಗಡ್ಡೆ', 'ಹೊಗೆ' – ಕನ್ನಡದಲ್ಲಿ ಎಂತ ಬರೆಯುವುದು?

ಬದಿಯಡ್ಕದಿಂದ:
ಇಲ್ಲಿನ ಒಂದು ಮೃಗಾಸ್ಪತ್ರೆಗೆ ನಾಯಿ, ಬೆಕ್ಕುಗಳ ಹೃದಯದ ಎಕೋ (ಅಲ್ಟ್ರಾಸೌಂಡ್ ಸ್ಕ್ಯಾನ್) ಬಗ್ಗೆ ಕರಪತ್ರ ಕನ್ನಡ ಮಾಡಿ ಕೊಡ್ಲಿಕ್ಕುಂಟು, ಸಂಜೆಗೆ ಪ್ರೆಸ್ಸಿಗೆ ಹೋಗ್ಬೇಕು. ಮಲಯಾಳದಲ್ಲಿ 'ರಕ್ತಂ ಕಟ್ಟಪಿಡಿಕ್ಕುಕ' ಅಂತ ಉಂಟು, ನಾನು 'ರಕ್ತದ ಗಡ್ಡೆ' ಹಾಕಿದ್ದೇನೆ, ಸರಿಯಾ? ಮತ್ತೆ ಎಡ ಹೃತ್ಕರ್ಣ (ಹೃದಯದ ಮೇಲಿನ ಕೋಣೆ) ಹಿಗ್ಗಿ ರಕ್ತದ ಓಟ ನಿಧಾನ ಆದಾಗ ಕೆಂಪು ಕಣಗಳು ಒಂದಕ್ಕೊಂದು ಅಂಟಿ ಪರದೆಯಲ್ಲಿ ಹೊಗೆ ಸುತ್ತಿದ ಹಾಗೆ ಕಾಣ್ತದಲ್ಲ, ಡಾಕ್ಟ್ರುಗಳು 'ಸ್ಮೋಕ್' ಅಂತಲೇ ಹೇಳುವುದು, ಅದಕ್ಕೆ 'ಹೊಗೆ' ಅಂತ ಬರೆದ್ರೆ ನಡೀತದಾ?

ಮಂಜೇಶ್ವರದಿಂದ:
ಗಡ್ಡೆ ಬೇಡ. ಗಡ್ಡೆ ಅಂದ್ರೆ ಟ್ಯೂಮರ್, ಓದಿದವರು ನಾಯಿಗೆ ಕ್ಯಾನ್ಸರ್ ಅಂತ ಹೆದರ್ತಾರೆ. 'ಹೆಪ್ಪು' ನಾಮಪದವಾಗಿಯೂ ಆಗುವುದಿಲ್ಲ, ಹೆಪ್ಪು ಅಂದ್ರೆ ಹಾಲಿಗೆ ಹಾಕುವ ಮಜ್ಜಿಗೆ, ಗಟ್ಟಿಯಾದ ಮೊಸರಲ್ಲ. ಹೆಪ್ಪುಗಟ್ಟು ಕ್ರಿಯಾಪದ ಇರಲಿ, ವಸ್ತುವಿಗೆ 'ಗರಣೆ'. ನೆತ್ತರುಗರಣೆ. ಕಿತ್ತು ಹೋಗಿ ಬೇರೆ ಕಡೆ ಸಿಕ್ಕಿಕೊಂಡದ್ದು ಅಲೆಗರಣೆ. ಹೃತ್ಕರ್ಣ ಯಾಕೆ, ಗುಂಡಿಗೆಯ ಮೇಲ್ಗೂಡು ಅನ್ನಿ. ಕನ್ನಡದ ಬೇರು ಇರುವಾಗ ಸಂಸ್ಕೃತದ ಸಾಲ ಬೇಡ.

ಕುಂಬಳೆಯಿಂದ:
ಗರಣೆ ನಮ್ಮ ಕಡೆ ಯಾರು ಹೇಳ್ತಾರೆ ಮಾರಾಯ್ರೆ? 'ಹೆಪ್ಪುಗಟ್ಟಿದ ರಕ್ತ' ಬರೀರಿ, ಎಲ್ರಿಗೂ ತಿಳೀತದೆ. ಬರೇ ಹೊಗೆ ಅಂದ್ರೆ ನಾಯಿಯ ಒಳಗೆ ಹೊಗೆ ಹೋಗಿದೆ ಅಂತ ಆಗ್ತದೆ, 'ಹೊಗೆಯಂಥ ಛಾಯೆ' ಮಾಡಿ. ಪದಕ್ಕಿಂತ ದೊಡ್ಡ ವಿಷಯ ಇನ್ನೊಂದುಂಟು, ರಕ್ತ ಹೆಪ್ಪುಗಟ್ಟುವ ವಾಕ್ಯವನ್ನು ನಾಯಿಗೂ ಬೆಕ್ಕಿಗೂ ಒಂದೇ ಮಾಡ್ಬೇಡಿ. ಹೃದಯದಲ್ಲಿ ಕಟ್ಟಿದ್ದು ಹೋಗಿ ಮಹಾಪಧಮನಿ ಹಿಂಗಾಲಿಗೆ ಕವಲೊಡೆಯುವಲ್ಲಿ ಸಿಕ್ಕಿ ಕಾಲು ತಣ್ಣಗಾಗಿ ಸ್ವಾಧೀನ ತಪ್ಪುವುದು ಹೆಚ್ಚಾಗಿ ಬೆಕ್ಕಿಗೆ. ನಾಯಿಗಾದ್ರೆ ಮೂತ್ರದಲ್ಲಿ ಪ್ರೋಟೀನ್ ಸೋರುವ ಕಿಡ್ನಿ ರೋಗ, ಕುಶಿಂಗ್ (ಕಾರ್ಟಿಸಾಲ್ ಹಾರ್ಮೋನು ಹೆಚ್ಚಾಗುವ ರೋಗ), ದೇಹ ತನ್ನ ಕೆಂಪು ಕಣಗಳನ್ನೇ ಒಡೆದುಹಾಕುವ ರಕ್ತಹೀನತೆ, ಕ್ಯಾನ್ಸರ್ ಇಂಥವುಗಳಿಂದಲೇ ರಕ್ತ ಹೆಪ್ಪುಗಟ್ಟುವುದು ಜಾಸ್ತಿ, ಎಕೋ ಚೆನ್ನಾಗಿ ಬಂತು ಅಂತ ಧೈರ್ಯ ಮಾಡ್ಲಿಕ್ಕಾಗುವುದಿಲ್ಲ. 'ರಿಸ್ಕ್'ಗೆ 'ಅಪಾಯ' ಹಾಕಿದ್ರೆ ಈಗಲೇ ಏನೋ ಆಗಿದೆ ಅಂತ ಓದ್ತಾರೆ, 'ಹೆಪ್ಪುಗಟ್ಟುವ ಸಾಧ್ಯತೆ' ಸಾಕು. ಇನ್ನು ಸಾಲದ ಮಾತು. ಎಕೋ, ಸ್ಕ್ಯಾನ್, ರಕ್ತ ಎಲ್ಲ ನಮ್ಮ ಬಾಯಲ್ಲಿ ಕೂತು ಎಷ್ಟೋ ಕಾಲ ಆಯ್ತು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಮಲಯಾಳದ ಬೋರ್ಡುಗಳ ನಡುವೆ ಕನ್ನಡ ಉಳಿಸ್ಲಿಕ್ಕೆ ಒದ್ದಾಡುವ ನಮಗೆ, ಓದಿದ ಕೂಡ್ಲೆ ಅರ್ಥ ಆಗುವ ಕನ್ನಡ ಬೇಕು, ಹೊಸದಾಗಿ ಹೊಸೆದದ್ದಲ್ಲ.

ಮಂಜೇಶ್ವರದಿಂದ:
ಸಾಧ್ಯತೆ, ಬೆಕ್ಕಿನ ಮಾತು ಎರಡೂ ಒಪ್ಪಿದೆ. ನೆತ್ತರು ಹೊಸೆದದ್ದಲ್ಲ. ತುಳುವರೂ ನೆತ್ತೆರ್ ಅನ್ನುವ ಊರಿದು. ಇಲ್ಲಿ ಅದನ್ನು ಬಿಟ್ಟು ರಕ್ತ ಯಾಕೆ ಬೇಕು, ಕಾರಣ ಹೇಳಿ.